ಒಣಗಿಸಿದರೆ ಸಾಲದು, ತೊಳೆಯಬೇಕು: ನೀರಿಗೆ ಬಿದ್ದ ಫೋನನ್ನು ಮನೆಯಲ್ಲೇ ಉಳಿಸಿಕೊಳ್ಳುವ ಬಗೆ

ನಮ್ಮ ಮನೆಯಲ್ಲಿ ಫೋನ್ ನೀರಿಗೆ ಬೀಳುವುದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ, 42 ಡಿಗ್ರಿ, 43 ಡಿಗ್ರಿ. ಕೂಲರ್ ಇಲ್ಲದೆ ಮಧ್ಯಾಹ್ನ ಕಳೆಯುವುದಿಲ್ಲ. ಆ ಕೂಲರಿಗೆ ದಿನಕ್ಕೆ ಎರಡು ಸಲ ನೀರು ಹಾಕಬೇಕು. ಕೊಡ ಎತ್ತಿ ಬಗ್ಗಿದ ಹೊತ್ತಿಗೆ ಅಂಗಿ ಜೇಬಿನಲ್ಲಿದ್ದ ಫೋನ್ ಟ್ಯಾಂಕಿನೊಳಗೆ ಬುಳಕ್.

ನನ್ನ ಹಳೆಯ ಫೋನ್ ಹೀಗೇ ಬಿತ್ತು. ಎಲ್ಲರಂತೆ ನಾನೂ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮೂರನೇ ದಿನ ಒತ್ತಿ ನೋಡಿದರೆ ಆನ್ ಆಯಿತು. ಓಣಿ ತುಂಬ ಹೇಳಿಕೊಂಡು ಬಂದೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರ ಚಾರ್ಜ್ ಆಗುವುದು ನಿಂತಿತು. ಆಮೇಲೆ ಡಿಸ್‌ಪ್ಲೇ ಹೋಯಿತು. ಮುಚ್ಚಳ ಬಿಚ್ಚಿ ನೋಡಿದರೆ ಚಾರ್ಜಿಂಗ್ ಪಿನ್ನಿನ ಸುತ್ತ ಹಸಿರು ಕಿಲುಬು, ಅಲ್ಲಲ್ಲಿ ಬಿಳಿ ಪುಡಿ. ನೀರು ಯಾವತ್ತೋ ಒಣಗಿತ್ತು. ಅದು ಬಿಟ್ಟುಹೋದ ಸುಣ್ಣ, ಉಪ್ಪು ಮಾತ್ರ ಅಲ್ಲೇ ಕೂತು ಕೆಲಸ ಮುಗಿಸಿತ್ತು.

ಆಮೇಲೆ ನೆಂಟರಿಷ್ಟರ ಕೆಟ್ಟ ಫೋನ್‌ಗಳನ್ನು ಬಿಚ್ಚುತ್ತಾ ಒಂದಿಷ್ಟು ಕಲಿತೆ. ನಾನು ಅಂಗಡಿ ಇಟ್ಟವನಲ್ಲ. ಉಳಿಸಿದ್ದೂ ಇದೆ, ಕೈಯಾರೆ ಕೊಂದಿದ್ದೂ ಇದೆ.

ನಮ್ಮ ನೀರಿನ ಗುಣ

ಶುದ್ಧ ನೀರಿನಲ್ಲಿ ಕರೆಂಟ್ ಹೆಚ್ಚು ಹರಿಯುವುದಿಲ್ಲ. ಹರಿಯುವಂತೆ ಮಾಡುವುದು ಅದರಲ್ಲಿ ಕರಗಿದ ಉಪ್ಪು, ಸುಣ್ಣ. ನಮ್ಮ ಭಾಗದ ನೆಲವೇ ಸುಣ್ಣದ ಕಲ್ಲು. ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಸುಣ್ಣದ ಕಲ್ಲೇ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ. ಬೋರ್‌ವೆಲ್ ನೀರು ತುಂಬಿಟ್ಟ ಕೊಡದ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಫೋನಿನ ಬೋರ್ಡ್, ಅಂದರೆ ಒಳಗೆ ಚಿಪ್‌ಗಳು ಕೂತಿರುವ ಹಲಗೆಯ ಮೇಲೂ ಕಟ್ಟುತ್ತದೆ.

ಇನ್ನೊಂದು ವಿಷಯ. ಫೋನ್ ಆಫ್ ಆಗಿದ್ದರೂ ಬ್ಯಾಟರಿ ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಸುಮಾರು 4 ವೋಲ್ಟ್ ಅಲ್ಲಿ ಸದಾ ಕಾಯುತ್ತಿರುತ್ತದೆ. ಒದ್ದೆಯಾದ ಎರಡು ಪಿನ್ನುಗಳ ನಡುವೆ ಆ ಕರೆಂಟ್ ಹರಿದರೆ ತಾಮ್ರ ಕರಗಿ ಕಿಲುಬಾಗುತ್ತದೆ. ನೀರು ಒಣಗಿದಾಗ ಇದು ನಿಲ್ಲುತ್ತದೆ. ಆದರೆ ಉಳಿದ ಉಪ್ಪು ಮಳೆಗಾಲದ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ. ಮೇನಲ್ಲಿ ಬಿದ್ದ ನನ್ನ ಫೋನ್ ಜೂನ್‌ನಲ್ಲಿ ಸತ್ತದ್ದು ಹೀಗೆ.

ಹಾಗಾಗಿ ಕೆಲಸ ಎರಡು. ಕರೆಂಟ್ ತಪ್ಪಿಸುವುದು, ಉಪ್ಪು ತೊಳೆಯುವುದು. ಒಣಗಿಸುವುದು ಆಮೇಲಿನ ಮಾತು.

ಮೊದಲ ಐದು ನಿಮಿಷ

ಫೋನ್ ಎತ್ತಿದ ಕೂಡಲೇ ಆಫ್ ಮಾಡಿ. "ನಡೀತದೋ ಇಲ್ಲೋ ನೋಡೋಣ" ಅಂತ ವಾಟ್ಸಾಪ್ ತೆರೆಯಬೇಡಿ. ಆಫ್ ಆಗಿಯೇ ಬಂದಿದ್ದರೆ ಆನ್ ಮಾಡಲು ಹೋಗಬೇಡಿ. ಚಾರ್ಜಿಗೆ ಹಾಕಿದ್ದಾಗ ನೀರು ಬಿದ್ದಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್, ಆಮೇಲೆ ವೈರಿಗೆ ಕೈ. ಕೀಪ್ಯಾಡ್ ಫೋನ್ ಆದರೆ ಇನ್ನೂ ಸುಲಭ, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಹೊರಗೆ ಹಾಕಿ.

ಸಿಮ್ ಟ್ರೇ ತೆಗೆಯಿರಿ. ಸಿಮ್ ಒರೆಸಿ ಬೇರೆ ಫೋನಿಗೆ ಹಾಕಿಕೊಳ್ಳಿ, ಬ್ಯಾಂಕಿನ ಒಟಿಪಿ ನಿಲ್ಲಬಾರದಲ್ಲ. ಮೆಮೊರಿ ಕಾರ್ಡ್ ಇದ್ದರೆ ಎತ್ತಿಡಿ. ಟ್ರೇ ಹೋಗುವ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಲವು ಫೋನ್‌ಗಳಲ್ಲಿ ಅಲ್ಲೊಂದು ಪುಟ್ಟ ಬಿಳಿ ಸ್ಟಿಕ್ಕರ್ ಇರುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದೂ ಅದನ್ನೇ. ನೀರಿನ ಹಾನಿ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ.

ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಚಾರ್ಜಿಂಗ್ ಕಿಂಡಿ ಕೆಳಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಜಾಡಿಸಬೇಡಿ, ಬಾಯಿಂದ ಊದಬೇಡಿ. ಎರಡರಿಂದಲೂ ನೀರು ಒಳಗೆ ಇನ್ನಷ್ಟು ಹರಡುತ್ತದೆ.

ಅಕ್ಕಿ, ಬಿಸಿಲು, ಹಂಚು

ಅಕ್ಕಿ ಮುಚ್ಚಿದ ಫೋನಿನ ಒಳಗಿನ ನೀರನ್ನು ಎಳೆಯುವುದಿಲ್ಲ. ಅದರ ಹಿಟ್ಟು, ನುಚ್ಚು ಮಾತ್ರ ಚಾರ್ಜಿಂಗ್ ಕಿಂಡಿಯೊಳಗೆ ಸೇರಿ ಗಂಜಿಯಾಗುತ್ತದೆ. ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ 2024ರಲ್ಲಿ ತನ್ನ ಸಲಹೆಯಲ್ಲಿ ಬರೆಯಿತು. ನಮ್ಮಲ್ಲಿ ತೊಗರಿ ಬೇಳೆಯಲ್ಲಿ ಇಟ್ಟವರೂ ಇದ್ದಾರೆ, ಊರಿನ ಅಭಿಮಾನ ಇರಬೇಕು.

ಮಾಳಿಗೆಯ ಬಿಸಿಲಿನಲ್ಲಿ ಇಡುವುದು ಇನ್ನೂ ಕೆಟ್ಟದ್ದು. 43 ಡಿಗ್ರಿ ಬಿಸಿಲಿಗೆ ಕಾದ ಫರ್ಸಿಯ ಮೇಲೆ ಬರಿಗಾಲು ಇಡಲು ಆಗುತ್ತದೆಯೇ? ಲಿಥಿಯಂ ಬ್ಯಾಟರಿಗೂ ಆಗುವುದಿಲ್ಲ, ಅದು ಉಬ್ಬುತ್ತದೆ. ನಮ್ಮ ಕಾಕಾ ಒಬ್ಬರು ರೊಟ್ಟಿ ಮಾಡಿ ಇಳಿಸಿದ ಬೆಚ್ಚನೆ ಹಂಚಿನ ಮೇಲೆ ಫೋನ್ ಇಟ್ಟಿದ್ದರು. ಬ್ಯಾಟರಿ ಉಳಿಯಿತು, ಡಿಸ್‌ಪ್ಲೇ ಮಾತ್ರ ಮಧ್ಯದಲ್ಲಿ ಕಪ್ಪು ರೊಟ್ಟಿಯಂತೆ ಗುಂಡಗೆ ಸುಟ್ಟುಹೋಯಿತು.

ಬಿಚ್ಚಬೇಕೋ ಬೇಡವೋ

ಇದನ್ನು ಮೊದಲೇ ತೀರ್ಮಾನಿಸಿ. ಫೋನ್ ಎಷ್ಟು ನೀರು ತಡೆಯುತ್ತದೆ ಎಂಬುದಕ್ಕೆ ಐಪಿ ಅಂಕಿ ಇರುತ್ತದೆ. ಐಪಿ67 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುವಂತೆ ಪರೀಕ್ಷಿಸಿದ್ದು ಎಂದರ್ಥ. ಐಪಿ68 ಅದಕ್ಕಿಂತ ಮೇಲು. ಇಂಥ ಹೊಸ ಫೋನ್ ಒಂದು ಕ್ಷಣ ಬಕೆಟ್ಟಿಗೆ ಬಿದ್ದರೆ ಬಿಚ್ಚಬೇಡಿ. ಬಿಚ್ಚಿದರೆ ಕಂಪನಿ ಹಾಕಿದ ಅಂಟಿನ ಸೀಲ್ ಹೋಗುತ್ತದೆ. ಒರೆಸಿ, ಆಫ್ ಮಾಡಿ, ಫ್ಯಾನಿನ ಗಾಳಿಯಲ್ಲಿ ಒಂದು ದಿನ ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಪರದೆಯ ಮೇಲೆ ನೀರಿನ ಹನಿಯ ಚಿಹ್ನೆ ಬಂದರೆ ಕಿಂಡಿ ಇನ್ನೂ ಒದ್ದೆ ಇದೆ ಎಂದರ್ಥ, ಕಾಯಿರಿ.

ಆದರೆ ಆ ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಸಿಹಿನೀರಿನಲ್ಲಿ. ಒಂದು ಸಲ ಬಿದ್ದು ಗಾಜು ಒಡೆದ ಫೋನಿಗೆ, ಡಿಸ್‌ಪ್ಲೇ ಬದಲಿಸಿದ ಫೋನಿಗೆ, ಸೋಪಿನ ನೀರಿಗೆ ಆ ಮಾತು ಅನ್ವಯಿಸುವುದಿಲ್ಲ.

ಬಿಚ್ಚಲೇಬೇಕಾದದ್ದು: ನೀರು ತಡೆಯದ ಸಾಧಾರಣ ಫೋನ್ ಪೂರ್ತಿ ಮುಳುಗಿದ್ದರೆ. ಚಹಾ, ಮಜ್ಜಿಗೆ, ಹೋಳಿ ಬಣ್ಣ ಒಳಗೆ ಹೋಗಿದ್ದರೆ. ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕೆ ಇಳಿದಾಗ ಬಿದ್ದು ಮರಳು, ಕೆಸರು ಸೇರಿದ್ದರೆ. ಬೀದರಿನ ಝರಣಿ ನರಸಿಂಹನ ಗುಹೆಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು, ಅಲ್ಲಿ ಜೇಬಿನಲ್ಲಿ ಫೋನ್ ಮರೆತು ಇಳಿದವರ ಸಂಕಟ ನನಗೆ ಗೊತ್ತು. ತೊಗರಿಗೆ ಔಷಧ ಹೊಡೆಯುವಾಗ ಪಂಪು ಸೋರಿ ಫೋನ್ ನೆನೆದಿದ್ದರೆ ಕೈಗವಸು ಹಾಕಿಕೊಂಡೇ ಮುಟ್ಟಿ, ಅದನ್ನು ಅಡುಗೆಮನೆಗೆ ತರಬೇಡಿ.

ಬ್ಯಾಟರಿ ಉಬ್ಬಿದ್ದರೆ, ಫೋನ್ ಬಿಸಿಯಾಗುತ್ತಿದ್ದರೆ, ಬಣ್ಣದ ಟಿನ್ನರಿನಂಥ ವಾಸನೆ ಬಂದರೆ ಈ ಬರಹವನ್ನು ಇಲ್ಲಿಗೇ ಬಿಡಿ. ಫೋನನ್ನು ಹೊರಗೆ ಮಣ್ಣಿನ ಅಥವಾ ಫರ್ಸಿಯ ನೆಲದ ಮೇಲೆ, ಬಟ್ಟೆ ಕಾಗದದಿಂದ ದೂರ ಇಡಿ. ಐಫೋನನ್ನೂ ಮೊದಲ ಪ್ರಯತ್ನಕ್ಕೆ ಆರಿಸಬೇಡಿ. ನಿಜ ಹೇಳಬೇಕೆಂದರೆ ಮೊದಲ ಪ್ರಯತ್ನಕ್ಕೆ ಕಪಾಟಿನಲ್ಲಿ ಬಿದ್ದಿರುವ ಡೆಡ್ ಸೆಟ್ ಒಂದನ್ನು ಬಿಚ್ಚಿ ಜೋಡಿಸಿ. ಅದರಲ್ಲಿ ಮುರಿದದ್ದಕ್ಕೆ ಯಾರೂ ಬೈಯುವುದಿಲ್ಲ.

ಏನೇನು ಬೇಕು

ಸಣ್ಣ ಸ್ಕ್ರೂಡ್ರೈವರ್ ಸೆಟ್, ಸಂದಿಗೆ ತೂರಿಸುವ ತೆಳು ಪ್ಲಾಸ್ಟಿಕ್ ಪಿಕ್, ರಬ್ಬರ್ ಸಕ್ಷನ್ ಕಪ್, ಚಿಮಟ, ಮೆತ್ತನೆಯ ಟೂತ್‌ಬ್ರಷ್, ಹೇರ್ ಡ್ರೈಯರ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಕಲಬುರಗಿಯಲ್ಲಾದರೆ ಸೂಪರ್ ಮಾರ್ಕೆಟ್ ಪ್ರದೇಶದ ಸುತ್ತಿನ ಮೊಬೈಲ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಪಿಕ್ ಇಲ್ಲದಿದ್ದರೆ ಹಳೆಯ ಎಟಿಎಂ ಕಾರ್ಡ್ ಕತ್ತರಿಸಿಕೊಂಡರೂ ನಡೆಯುತ್ತದೆ. ಚಾಕು ಮಾತ್ರ ಬೇಡ.

ಮುಖ್ಯವಾದದ್ದು ಎರಡು ದ್ರವ. ಒಂದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. 99 ಪರ್ಸೆಂಟ್ ಇರುವುದನ್ನೇ ಕೇಳಿ. 70 ಪರ್ಸೆಂಟಿನದ್ದರಲ್ಲಿ ಉಳಿದದ್ದು ನೀರೇ. ಕರೋನಾ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಉಳಿದಿರಬಹುದು, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ, ಬೇಡ. ಪೆಟ್ರೋಲ್, ಟಿನ್ನರ್ ಕೂಡ ಬೇಡ, ಅವು ಪ್ಲಾಸ್ಟಿಕ್ ತಿನ್ನುತ್ತವೆ. ಒಂದು ಅಂಗಡಿಯವರು ಟಿನ್ನರಿನಲ್ಲಿ ತೊಳೆದು ನಮ್ಮ ಅಕ್ಕನ ಫೋನಿನ ಗುಂಡಿಗಳನ್ನೇ ಅಂಟಿಸಿ ಕೊಟ್ಟಿದ್ದರು.

ಎರಡನೆಯದು ಡಿಸ್ಟಿಲ್ಡ್ ವಾಟರ್. ಇದಕ್ಕೆ ಪೇಟೆಗೆ ಹೋಗಬೇಕಿಲ್ಲ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರೇ ಇದು. ಆಸಿಡ್ ಅಲ್ಲ, ನೀರು. ಲೇಬಲ್ ಓದಿಕೊಳ್ಳಿ.

ಬಿಚ್ಚುವುದು

ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ಫ್ಯಾನ್ ಆಫ್ ಮಾಡಿ, ಸ್ಕ್ರೂಗಳು ಹಾರಿಹೋಗುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿ. ಒಂದು ಹಾಳೆಯ ಮೇಲೆ ಫೋನಿನ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಅದರದ್ದೇ ಜಾಗದಲ್ಲಿ ಟೇಪಿನಿಂದ ಅಂಟಿಸುತ್ತಾ ಹೋಗಿ. ಇದನ್ನು ಅತಿ ಅನ್ನಬೇಡಿ. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಅದು ಬೋರ್ಡಿನೊಳಗೆ ಇಳಿಯುತ್ತದೆ. ನಾನು ಕೊಂದ ಒಂದು ಫೋನ್ ಸತ್ತದ್ದು ನೀರಿನಿಂದಲ್ಲ, ಇದರಿಂದ.

ಸಿಮ್ ಟ್ರೇ ಹೊರಗಿದೆಯೇ ಇನ್ನೊಮ್ಮೆ ನೋಡಿ. ಒಳಗಿದ್ದರೆ ಬಿಚ್ಚುವಾಗ ಮುರಿಯುತ್ತದೆ. ಈಗ ಹೇರ್ ಡ್ರೈಯರಿನಿಂದ ಹಿಂದಿನ ಮುಚ್ಚಳದ ಅಂಚುಗಳನ್ನಷ್ಟೇ ಒಂದೆರಡು ನಿಮಿಷ ಬೆಚ್ಚಗೆ ಮಾಡಿ. ಡ್ರೈಯರ್ ಒಂದೇ ಕಡೆ ನಿಲ್ಲಬಾರದು. ಕೈ ಇಟ್ಟರೆ ಸುಡಬೇಕು, ಆದರೆ ತಾಳುವಂತಿರಬೇಕು, ಅಷ್ಟು ಸಾಕು. ಅಂಟು ಮೆತ್ತಗಾದ ಮೇಲೆ ಸಕ್ಷನ್ ಕಪ್ ಹಚ್ಚಿ ಎಳೆದರೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಲ್ಲಿ ಪಿಕ್ ತೂರಿಸಿ. ಮೂರ್ನಾಲ್ಕು ಮಿಲಿಮೀಟರಿಗಿಂತ ಒಳಗೆ ಹೋಗಬೇಡಿ, ಕೆಳಗೆ ಬ್ಯಾಟರಿ, ಫ್ಲೆಕ್ಸ್ ಪಟ್ಟಿಗಳು (ವೈರಿನ ಕೆಲಸ ಮಾಡುವ ತೆಳು ಪಟ್ಟಿಗಳು) ಇರುತ್ತವೆ. ಅಂಚಿನ ಗುಂಟ ಮೆಲ್ಲಗೆ ಜಾರಿಸುತ್ತಾ ಬನ್ನಿ. ಬಿಗಿಯಾದರೆ ಮತ್ತೆ ಬೆಚ್ಚಗೆ ಮಾಡಿ, ಬಲ ಹಾಕಬೇಡಿ.

ಬೆರಳಚ್ಚಿನ ಸೆನ್ಸರ್ ಹಿಂಬದಿಯಲ್ಲಿದ್ದರೆ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ. ಸಣ್ಣ ಫ್ಲೆಕ್ಸ್ ಒಂದು ಬೋರ್ಡಿಗೆ ಕಟ್ಟಿಕೊಂಡಿರುತ್ತದೆ. ಪುಸ್ತಕ ತೆರೆದಂತೆ ಒಂದು ಬದಿಗೆ ತೆರೆದು ಮೊದಲು ಅದನ್ನು ಕಳಚಿ.

ಮೇಲಿನ ಪ್ಲಾಸ್ಟಿಕ್ ತಟ್ಟೆಯ ಸ್ಕ್ರೂ ತೆಗೆಯಿರಿ. ಒಂದು ಸ್ಕ್ರೂ ಸ್ಟಿಕ್ಕರಿನ ಅಡಿ ಅಡಗಿರಬಹುದು. ತಟ್ಟೆ ಎತ್ತಿದರೆ ಬ್ಯಾಟರಿಯ ಕನೆಕ್ಟರ್ ಕಾಣುತ್ತದೆ. ಪ್ಲಾಸ್ಟಿಕ್ ತುದಿಯಿಂದ, ಇಲ್ಲವೇ ಉಗುರಿನಿಂದ ಅದನ್ನು ನೇರ ಮೇಲಕ್ಕೆ ಎತ್ತಿ. ಲೋಹ ಮುಟ್ಟಿಸಬೇಡಿ. ಟಕ್ ಅಂತ ಬಿಡುತ್ತದೆ.

ಈಗ ಉಸಿರು ಬಿಡಿ. ಬೋರ್ಡಿನಲ್ಲಿ ಕರೆಂಟ್ ಇಲ್ಲ, ಹೊಸ ಕಿಲುಬು ಬೆಳೆಯುವುದು ನಿಧಾನವಾಗುತ್ತದೆ. ಬಿದ್ದ ದಿನವೇ ಇಷ್ಟು ಮಾಡಿದರೂ ಸಾಕು, ಉಳಿದದ್ದನ್ನು ಐಪಿಎ ತಂದ ಮೇಲೆ ಮಾಡಬಹುದು. ಇಲ್ಲಿಂದ ಮುಂದೆ ಪ್ರತಿ ಹಂತಕ್ಕೂ ಇನ್ನೊಂದು ಫೋನಿನಿಂದ ಫೋಟೊ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಮೇಲೆ ದೊಡ್ಡ ಬೋರ್ಡ್, ನಡುವೆ ಬ್ಯಾಟರಿ, ಕೆಳಗೆ ಚಾರ್ಜಿಂಗ್ ಪಿನ್ ಇರುವ ಸಣ್ಣ ಬೋರ್ಡ್. ಇದನ್ನು ಸಬ್ ಬೋರ್ಡ್ ಅನ್ನುತ್ತಾರೆ. ನಾನು ಬಿಚ್ಚಿದ ಬಹಳಷ್ಟು ಫೋನ್‌ಗಳಲ್ಲಿ ಕಿಲುಬು ಹಿಡಿದದ್ದು ಇಲ್ಲೇ, ನೀರು ನುಗ್ಗುವ ಬಾಗಿಲು ಇದೇ ಅಲ್ವಾ. ಇದನ್ನು ಹೊರಗೆ ತೆಗೆಯುವುದು ಸುಲಭ. ದೊಡ್ಡ ಬೋರ್ಡಿಗೆ ಡಿಸ್‌ಪ್ಲೇ ಫ್ಲೆಕ್ಸ್, ಕ್ಯಾಮೆರಾ, ನೆಟ್‌ವರ್ಕಿನ ಸಣ್ಣ ಗುಂಡಿ ವೈರ್ ಎಲ್ಲ ಸೇರಿಕೊಂಡಿರುತ್ತವೆ. ಧೈರ್ಯ ಇಲ್ಲದಿದ್ದರೆ ಅದನ್ನು ಜಾಗದಲ್ಲೇ ಬಿಟ್ಟು ಕಾಣುವಷ್ಟನ್ನು ತೊಳೆಯಿರಿ.

ತೊಳೆಯುವುದು

ಕಿಟಕಿ ತೆರೆಯಿರಿ. ಐಪಿಎ ಬೆಂಕಿ ಹಿಡಿಯುವ ವಸ್ತು. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಹತ್ತಿರ ಇರಬಾರದು.

ಚಹಾ, ಜ್ಯೂಸ್, ಮಜ್ಜಿಗೆ ಬಿದ್ದಿದ್ದರೆ ಮೊದಲು ಬ್ಯಾಟರಿ ನೀರು. ಇದನ್ನು ನಾನು ತಡವಾಗಿ ಕಲಿತೆ. ಸಕ್ಕರೆ, ಉಪ್ಪು ಎರಡೂ ಐಪಿಎಯಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಬೋರ್‌ವೆಲ್ ನೀರಿನ ಉಪ್ಪಿಗೂ ಇದೇ ಕ್ರಮ. ಹೊರಗೆ ತೆಗೆದ ದೊಡ್ಡ ಬೋರ್ಡನ್ನು ಒಂದು ವಾಟಿಯಲ್ಲಿ ಬ್ಯಾಟರಿ ನೀರು ಹಾಕಿ ಅದ್ದಿ, ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ತೆಗೆಯಿರಿ. ಮನೆಯವರು ನೋಡಿದರೆ "ನೀರಿಗೆ ಬಿದ್ದದ್ದನ್ನ ಮತ್ತೆ ನೀರಿಗೆ ಹಾಕ್ತೀಯಲ್ಲೋ" ಅನ್ನುತ್ತಾರೆ. ಅನ್ನಲಿ.

ಕೂಡಲೇ ಇನ್ನೊಂದು ವಾಟಿಯಲ್ಲಿ ಐಪಿಎ ಹಾಕಿ ಬೋರ್ಡನ್ನು ಐದು ಹತ್ತು ನಿಮಿಷ ಮುಳುಗಿಸಿಡಿ. ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ತಗಡಿನ ಮುಚ್ಚಳಗಳಿವೆ. ಬ್ರಷ್ ಅವುಗಳ ಕೆಳಗೆ ಹೋಗುವುದಿಲ್ಲ, ಐಪಿಎ ಹೋಗುತ್ತದೆ. ಅದು ಉಳಿದ ನೀರಿನ ಜೊತೆ ಬೆರೆತು ಹೊರಗೆ ತರುತ್ತದೆ. ತೆಗೆದು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿ. ಕಿಲುಬು ಹೆಚ್ಚಾಗಿ ಅವಿತಿರುವುದು ಕನೆಕ್ಟರಿನ ಹಲ್ಲುಗಳ ನಡುವೆ. ಸಣ್ಣ ಬಿಡಿಭಾಗಗಳ ಮೇಲೆ ಒತ್ತಡ ಬೇಡ, ಕಿತ್ತು ಬಂದರೆ ಮತ್ತೆ ಹಚ್ಚುವುದು ನಮ್ಮ ಕೈಯ ಕೆಲಸವಲ್ಲ. ಐಪಿಎ ಕಂದಾದರೆ ಚೆಲ್ಲಿ ಹೊಸದು ಹಾಕಿ ಇನ್ನೊಂದು ಸಲ.

ಯಾವುದನ್ನು ಮುಳುಗಿಸಬಾರದು? ಡಿಸ್‌ಪ್ಲೇ, ಕ್ಯಾಮೆರಾ, ಬ್ಯಾಟರಿ, ಸ್ಪೀಕರ್, ವೈಬ್ರೇಟರ್. ಡಿಸ್‌ಪ್ಲೇ ಪದರಗಳ ನಡುವೆ ಐಪಿಎ ಸೇರಿದರೆ ಮೋಡ ಕವಿದಂಥ ಕಲೆ ಉಳಿಯುತ್ತದೆ. ಇವನ್ನೆಲ್ಲ ಬಟ್ಟೆಯಿಂದ ಒರೆಸಿದರೆ ಸಾಕು. ಸಬ್ ಬೋರ್ಡಿನಲ್ಲಿ ಮೈಕ್ ಇರುತ್ತದೆ. ಅದನ್ನು ಅದ್ದದೆ ಬ್ರಷ್ಷಿನಿಂದಲೇ ತೊಳೆಯುವುದು ಒಳ್ಳೆಯದು.

ಒಣಗುವ ಮಾತು ಈಗ ಬಂತು. ಫ್ಯಾನಿನ ಕೆಳಗೆ ಹತ್ತಿ ಬಟ್ಟೆಯ ಮೇಲೆ ಒಂದು ದಿನ. ಮಳೆಗಾಲವಾದರೆ ಎರಡು ದಿನ. ಹೊಸ ಚಪ್ಪಲಿ, ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಕೆಗಳಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಅವುಗಳ ಜೊತೆ ಇಡಿ.

ಜೀವ ಬಂತೇ

ಮಲ್ಟಿಮೀಟರನ್ನು ಬೀಪ್ ಮೋಡಿಗೆ ಇಟ್ಟು, ಬೋರ್ಡಿನ ಮೇಲೆ ಬ್ಯಾಟರಿ ಕೂರುವ ಸಾಕೆಟ್ಟಿನ ಪ್ಲಸ್, ಮೈನಸ್ ನಡುವೆ ಮುಟ್ಟಿಸಿ. ಬ್ಯಾಟರಿ ಹಾಕಿರಬಾರದು. ಬಿಡದೆ ಬೀಪ್ ಬಂದರೆ ಬೋರ್ಡ್ ಶಾರ್ಟ್ ಆಗಿದೆ. ಮನೆಯ ಕೆಲಸ ಅಲ್ಲಿಗೆ ಮುಗಿಯಿತು, ಅಂಗಡಿಗೆ ಒಯ್ಯಿರಿ. ಬೀಪ್ ಇಲ್ಲದಿದ್ದರೆ ಬ್ಯಾಟರಿಯ ವೋಲ್ಟೇಜ್ ನೋಡಿ. 3.7ರಿಂದ 4.2ರ ಆಸುಪಾಸು ಇದ್ದರೆ ಒಳ್ಳೆಯದು. 3ಕ್ಕಿಂತ ಕೆಳಗಿದ್ದರೆ ಅದನ್ನು ಎಬ್ಬಿಸಲು ಹೋಗಬೇಡಿ, ಹೊಸದು ಹಾಕಿ. ಅಳೆಯುವಾಗ ಎರಡು ಕಡ್ಡಿಗಳು ಒಂದಕ್ಕೊಂದು ತಾಗಬಾರದು.

ಅಂಟು ಹಚ್ಚದೆ ಜೋಡಿಸಿ. ಡಿಸ್‌ಪ್ಲೇ ಮೊದಲು, ಬ್ಯಾಟರಿ ಕೊನೆಗೆ. ಆನ್ ಮಾಡಿ ಬೋರ್ಡಿನ ಮೇಲೆ ಬೆರಳು ಇಟ್ಟು ನೋಡಿ. ಒಂದು ಜಾಗ ಮಾತ್ರ ಸುಡುತ್ತಿದ್ದರೆ ಕೂಡಲೇ ಬ್ಯಾಟರಿ ಕಳಚಿ.

ಫೋನ್ ಎದ್ದರೆ ಮೊದಲು ಫೋಟೊ, ಕಾಂಟ್ಯಾಕ್ಟ್, ವಾಟ್ಸಾಪ್ ಬ್ಯಾಕಪ್. ಹಾಡು ಹಾಕಿ ಸ್ಪೀಕರ್ ನೋಡುವುದೆಲ್ಲ ಆಮೇಲೆ. ಎಷ್ಟು ಹೊತ್ತು ಬದುಕಿರುತ್ತದೋ ಗೊತ್ತಿಲ್ಲ. ಡಿಸ್‌ಪ್ಲೇ ಕಾಣುತ್ತಿದೆ, ಟಚ್ ಇಲ್ಲ ಅಂದರೆ ಒಂದು ಉಪಾಯ ಇದೆ. ಓಟಿಜಿ ಪಿನ್ (ಫೋನಿಗೆ ಯುಎಸ್‌ಬಿ ಸಾಮಾನು ಜೋಡಿಸುವ ಪುಟ್ಟ ಅಡಾಪ್ಟರ್) ಹಾಕಿ ಕಂಪ್ಯೂಟರಿನ ಮೌಸ್ ಜೋಡಿಸಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಾಣದ ಗುರುತು ಬರುತ್ತದೆ, ಅದರಿಂದಲೇ ಲಾಕ್ ತೆಗೆಯಬಹುದು. ನಮ್ಮ ಅತ್ತೆಯ ಮೊಮ್ಮಗನ ಜಾವಳದ ಫೋಟೊಗಳು ಉಳಿದದ್ದು ಹೀಗೆ. ಈಚಿನ ಫೋನ್‌ಗಳಲ್ಲಿ ಫೋಟೊಗಳಿಗೆ ಆ ಬೋರ್ಡಿನದ್ದೇ ಬೀಗ ಇರುತ್ತದೆ. ಚಿಪ್ ಕಿತ್ತು ಬೇರೆ ಫೋನಿಗೆ ಹಾಕಿದರೆ ತೆರೆಯುವುದಿಲ್ಲ. ಬೋರ್ಡ್ ಬದುಕಬೇಕು.

ಎಲ್ಲ ನಡೆಯುತ್ತಿದೆ, ಚಾರ್ಜ್ ಮಾತ್ರ ಇಲ್ಲ ಅಂದರೆ ಸಬ್ ಬೋರ್ಡ್ ಬದಲಿಸಿ. ಮಾಡೆಲ್ ನಂಬರ್ ಹೇಳಿ ತಂದರೆ ಎರಡು ಸ್ಕ್ರೂ, ಒಂದು ಫ್ಲೆಕ್ಸಿನ ಕೆಲಸ. ಸ್ಪೀಕರ್ ಗೊರಗೊರ ಅಂದರೆ ಒಂದೆರಡು ದಿನ ಕಾಯಿರಿ. ನೀರು ತಳ್ಳುವ ಸದ್ದಿನ ಆ್ಯಪ್‌ಗಳು ಸ್ಪೀಕರಿನ ಜಾಳಿಗೆಯ ಹನಿಗಳನ್ನು ತಳ್ಳಬಹುದು, ಬೋರ್ಡಿನ ನೀರನ್ನಲ್ಲ.

ಒಡೆದ ಗಾಜು

ಬಿದ್ದು ಬಿರುಕು ಬಿಟ್ಟ ಫೋನಿಗೆ ಅಂದೇ ಅಗಲ ಟೇಪ್ ಅಂಟಿಸಿ. ಬೆರಳಿಗೆ ಗಾಜು ಚುಚ್ಚುವುದು ತಪ್ಪುತ್ತದೆ, ಬೆವರು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಟಚ್, ಚಿತ್ರ ಎರಡೂ ಸರಿ ಇದ್ದು ಮೇಲಿನ ಗಾಜು ಮಾತ್ರ ಒಡೆದಿದ್ದರೆ ಗಾಜಷ್ಟೇ ಬದಲಿಸಲು ಮೆಷಿನ್ ಬೇಕು, ಮನೆಯಲ್ಲಿ ಆಗುವುದಿಲ್ಲ. ಮನೆಯಲ್ಲಿ ಆಗುವುದು ಪೂರ್ತಿ ಕಾಂಬೊ, ಅಂದರೆ ಗಾಜು, ಟಚ್, ಡಿಸ್‌ಪ್ಲೇ ಒಟ್ಟಿಗಿರುವ ಭಾಗ ಬದಲಿಸುವುದು. ಹೊಸ ಕಾಂಬೊ ತಂದ ಕೂಡಲೇ ಅಂಟಿಸಬೇಡಿ. ಫ್ಲೆಕ್ಸ್ ಜೋಡಿಸಿ, ಆನ್ ಮಾಡಿ, ಪರದೆಯ ಮೂಲೆಮೂಲೆಗೂ ಬೆರಳು ಎಳೆದು ನೋಡಿ. ಕೆಟ್ಟದ್ದು ಬಂದಿದ್ದರೆ ಮೇಲಿನ ಪ್ಲಾಸ್ಟಿಕ್ ಕಿತ್ತಿರದಿದ್ದರಷ್ಟೇ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ. ಸರಿ ಇದ್ದರೆ ಬಿ-7000 ಅಂಟನ್ನು ಅಂಚಿಗೆ ತೆಳ್ಳಗೆ ಎಳೆದು, ರಬ್ಬರ್ ಬ್ಯಾಂಡ್ ಸುತ್ತಿ ಒಂದು ರಾತ್ರಿ ಬಿಡಿ. ಆಮೇಲೆ ಆ ಫೋನ್ ನೀರು ತಡೆಯುತ್ತದೆ ಅಂತ ನಂಬಬೇಡಿ.

ತೆಗೆದ ಹಳೆ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಒತ್ತಿಬಿದ್ದರೆ ಹೊತ್ತಿಕೊಳ್ಳುತ್ತದೆ. ಕನೆಕ್ಟರಿಗೆ ಟೇಪ್ ಸುತ್ತಿ, ಹಳೆ ಬ್ಯಾಟರಿ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ.

ಅಂಗಡಿಗೆ ಒಯ್ಯಬೇಕಾಗಿ ಬಂದರೆ ಯಾವ ನೀರು, ಯಾವಾಗ ಬಿತ್ತು, ನೀವು ಏನೇನು ಮಾಡಿದ್ದೀರಿ, ಎಲ್ಲ ಮುಚ್ಚಿಡದೆ ಹೇಳಿ. "ಸುಮ್ನೆ ಆಫ್ ಆಯ್ತು ಅಣ್ಣಾ" ಅಂದರೆ ಅವರು ನೇರ ಚಾರ್ಜಿಗೆ ಹಾಕಿ ನೋಡುತ್ತಾರೆ, ನೀವು ತಪ್ಪಿಸಿದ್ದೆಲ್ಲ ಅಲ್ಲಿ ಆಗುತ್ತದೆ.

ನಮ್ಮ ಮನೆಯ ಕೂಲರ್ ಪಕ್ಕದ ಮೊಳೆಗೆ ಈಗ ಒಂದು ಬಟ್ಟೆ ಚೀಲ ನೇತುಹಾಕಿದೆ. ನೀರು ಹಾಕುವವರು ಮೊದಲು ಫೋನನ್ನು ಅದರೊಳಗೆ ಇಡಬೇಕು. ಚೀಲ ಹೊಲಿಸಿದವನು ನಾನು. ಈ ಬೇಸಿಗೆಯಲ್ಲಿ ಎರಡು ಸಲ ಮರೆತವನೂ ನಾನೇ.